ಹುಲಿಗೆ ಟೈಮ್‌ಟೇಬಲ್ ಇಲ್ಲ ಮೇಷ್ಟ್ರೇ

(ಪೊನ್ನಂಪೇಟೆಯ ನಿವೃತ್ತ ಮೇಷ್ಟ್ರೊಬ್ಬರ ಪತ್ರ: “ಮಗನ ಮನೆಗೆಂದು ಅಮೆರಿಕಕ್ಕೆ ಹೋದವನು ಯೆಲ್ಲೋಸ್ಟೋನ್ ನೋಡಿ ಬಂದೆ. ಅಲ್ಲಿ ನಿಂತಾಗ ನಾನೆಷ್ಟು ಸಣ್ಣವನು ಅನ್ನಿಸಿತು. ಊರಿಗೆ ಬಂದು ನಾಗರಹೊಳೆ ಸಫಾರಿಗೆ ಹೋದರೆ ಬರೀ ಜಿಂಕೆ. ದುಡ್ಡು ದಂಡ. ನಮ್ಮಲ್ಲಿ ಅಂಥದ್ದು ಯಾಕಿಲ್ಲ?”)

ಯೆಲ್ಲೋಸ್ಟೋನ್ ದೊಡ್ಡದು, ಒಪ್ಪಿದೆ. 1872ರಲ್ಲೇ ರಾಷ್ಟ್ರೀಯ ಉದ್ಯಾನವಾಯಿತು, ಜಗತ್ತಿಗೇ ಮೊದಲನೆಯದು ಅಂತ ಹೆಸರು. ವಿಸ್ತೀರ್ಣ ಸುಮಾರು 9,000 ಚದರ ಕಿಲೋಮೀಟರ್, ಇಡೀ ಕೊಡಗಿನ ಎರಡು ಪಟ್ಟಿಗೂ ಜಾಸ್ತಿ. ನಾಗರಹೊಳೆ 643. ಲೆಕ್ಕದಲ್ಲಿ ನೀವೇ ಗೆದ್ದಿರಿ.

ಆದರೆ ಅಲ್ಲಿ ಓಲ್ಡ್ ಫೇತ್‌ಫುಲ್ ಅನ್ನೋ ಬಿಸಿನೀರ ಬುಗ್ಗೆ ಇದೆಯಲ್ಲ, ಅದು ಮುಂದೆ ಯಾವಾಗ ಚಿಮ್ಮುತ್ತದೆ ಅಂತ ಮೊದಲೇ ತಿಳಿಸುತ್ತಾರೆ. ಜನ ಬೆಂಚಿನ ಮೇಲೆ ಕೂತು ಕಾಯುತ್ತಾರೆ. ನಮ್ಮ ಹುಲಿಗೆ ಆ ಶಿಸ್ತು ಇಲ್ಲ. ಬರೀ ಜಿಂಕೆ ಅಂದಿರಿ. ಆ ಜಿಂಕೆಗಳು ಯಾವ ಕಡೆ ಕತ್ತು ಎತ್ತಿ ನೋಡುತ್ತಿದ್ದವು? ಜೀವಮಾನವೆಲ್ಲ ಪರೀಕ್ಷೆಯಲ್ಲಿ ಕಾಪಿ ಹೊಡೆಯೋ ಮಕ್ಕಳ ಕಣ್ಣು ಹಿಡಿದವರು ನೀವು, ಇದನ್ನು ಗಮನಿಸಲಿಲ್ವಾ?

ನನಗಾಗ ಇಪ್ಪತ್ತೋ ಇಪ್ಪತ್ತೊಂದೋ. ಹುಣಸೂರಿನಿಂದ ನಾಗರಹೊಳೆ ಮೇಲೆ ಕುಟ್ಟಕ್ಕೆ ಹೋಗುವ ಬಸ್ಸು. ಸಂಜೆ. ತಿರುವಿನಲ್ಲಿ ಒಂದು ಹೆಣ್ಣಾನೆ, ಕಾಲ ಬುಡದಲ್ಲಿ ಮರಿ. ಡ್ರೈವರ್ ಎಂಜಿನ್ ಆಫ್ ಮಾಡಿದರು. ಕೋಳಿ ಒಯ್ಯುತ್ತಿದ್ದ ಅಜ್ಜಿಯೊಬ್ಬರು ಬುಟ್ಟಿ ಮೇಲೆ ಸೆರಗು ಎಳೆದರು. ಹುಣಸೂರಿನಿಂದ ಸೀಟಿಗಾಗಿ ಕಿತ್ತಾಡುತ್ತಿದ್ದ ಇಬ್ಬರು ಒಂದೇ ಸೀಟಲ್ಲಿ ಒತ್ತಿಕೊಂಡು ಕೂತಿದ್ದರು. ಬಿದಿರು ಮುರಿಯುವ ಲಟಲಟ ಬಿಟ್ಟರೆ ಬೇರೆ ಸದ್ದಿಲ್ಲ. ಮುಕ್ಕಾಲು ಗಂಟೆ! ಆನೆ ಒಂದು ಸಲವೂ ನಮ್ಮ ಕಡೆ ತಿರುಗಲಿಲ್ಲ. ನಾವು ಅದರ ಲೆಕ್ಕದಲ್ಲೇ ಇರಲಿಲ್ಲ. ಸಣ್ಣವನಾಗೋದು ಅಂದರೆ ನನಗೆ ಅದು, ಬಸ್ ಚಾರ್ಜಿನಲ್ಲೇ ಸಿಕ್ಕಿದ್ದು.

ಸಫಾರಿಗೇ ಹೋಗಬೇಕು ಅಂತಲೂ ಇಲ್ಲ. ಕೊಡಗಿನಲ್ಲಿ ಸಾವಿರಕ್ಕೂ ಜಾಸ್ತಿ ದೇವರಕಾಡುಗಳಿವೆ. ಅಲ್ಲಿಂದ ಒಣ ಕಡ್ಡಿ ತರುವುದಕ್ಕೂ ನಮ್ಮ ಹಿರಿಯರು ಹೆದರುತ್ತಿದ್ದರು. ಈಗ? ನಾನು ಕಂಡ ಒಂದು ದೇವರಕಾಡಿನ ಅಂಚಿನಲ್ಲಿ ವರ್ಷಕ್ಕೊಂದು ಸಾಲು ಕಾಫಿ ಗಿಡ ಒಳಗೆ ಸರಿಯುತ್ತಿದೆ. ಪಾಪ, ದೇವರು ಸರ್ವೆಗೆ ಅರ್ಜಿ ಹಾಕುವುದಿಲ್ಲ. ಮಡಿಕೇರಿ ಹತ್ತಿರದ ಮಾಂದಲಪಟ್ಟಿ ಗುಡ್ಡಕ್ಕೆ ಹೋಗಿ ನೋಡಿ, ಮಂಜಿಗಿಂತ ಜೀಪಿನ ಹೊಗೆ ಜಾಸ್ತಿ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಊರಿಗೆ ಊರೇ ಮಣ್ಣಾದಾಗ ಕೈ ಮುಗಿದು ನಿಂತವರು ನಾವೇ. ಮಳೆ ನಿಂತ ಮೇಲೆ ಜೆಸಿಬಿ ಕರೆಸಿದವರೂ ನಾವೇ.

ಇನ್ನೊಂದು ವಿಷಯದಲ್ಲಿ ನಿಮ್ಮ ಯೆಲ್ಲೋಸ್ಟೋನಿಗೂ ನಮಗೂ ವ್ಯತ್ಯಾಸವಿಲ್ಲ. ಅವರು ಕಾಡು ಉಳಿಸುತ್ತೇವೆ ಅಂತ ಅಲ್ಲಿದ್ದ ಶೋಶೋನಿ ಎಂಬ ಮೂಲನಿವಾಸಿ ಜನರನ್ನು ಹೊರಗೆ ಹಾಕಿದರು. ನಾವು ಜೇನುಕುರುಬರನ್ನು ಹಾಡಿಯಿಂದ ಎಬ್ಬಿಸಿದೆವು. ಸೊಪ್ಪು ಅಲುಗಿದರೆ ಆನೆಯೋ ಗಾಳಿಯೋ ಅಂತ ಹೇಳಬಲ್ಲವರು ಈಗ ತೋಟದ ಲೈನ್‌ಮನೆಯಲ್ಲಿದ್ದಾರೆ. ಟೋಪಿ ಹಾಕಿದ ಗೈಡು ನಿಮಗೆ “ಸರ್, ಟೈಗರ್ ಗ್ಯಾರಂಟಿ” ಅನ್ನುತ್ತಾನೆ. ನೀವೂ ನಂಬಿದಿರಿ, ಅಲ್ವಾ?

ಮುಂದಿನ ಸಲ ಜೀಪು ಬೇಡ. ಮಳೆ ಬಿಟ್ಟ ಮಾರನೇ ದಿನ ನಿಮ್ಮೂರ ಹತ್ತಿರದ ದೇವರಕಾಡಿನ ಅಂಚಿನಲ್ಲಿ ಒಂದು ಗಂಟೆ ಸುಮ್ನೆ ಕೂತುಬನ್ನಿ. ಜಿಗಣೆಗೆ ಉಪ್ಪು ಮರೆಯಬೇಡಿ. ನಿಮ್ಮ ಚಂದಾ ಮುಗಿಯುವುದಕ್ಕೆ ಇನ್ನೂ ಮೂರು ಸಂಚಿಕೆ ಇದೆ, ಅಷ್ಟರೊಳಗೆ ಬರೆಯಿರಿ.

– ಸಂ.