ಸಿಎ ನೋಡಿದ ಮೇಲೂ ಸರ್ಕಾರಿ ಆಡಿಟ್ ಯಾಕೆ?

ಶಿಡ್ಲಘಟ್ಟದಲ್ಲಿ ವೃದ್ಧಾಶ್ರಮ ನಡೆಸುವ ಸಂಘವೊಂದರ ಕಾರ್ಯದರ್ಶಿ ಬರೆದಿದ್ದಾರೆ: "ನಮಗೆ ಕೇಂದ್ರ ಸರ್ಕಾರದ ಅನುದಾನ ಬರುತ್ತದೆ. ಪ್ರತಿ ವರ್ಷ ಸಿಎ ಕೈಲಿ ಆಡಿಟ್ ಮಾಡಿಸುತ್ತೇವೆ. ಹಣಬಳಕೆ ಪ್ರಮಾಣಪತ್ರವನ್ನೂ ಕೊಟ್ಟಿದ್ದೇವೆ. ಈಗ ಸಿಎಜಿ (ಸರ್ಕಾರಿ ದುಡ್ಡಿನ ಲೆಕ್ಕ ಪರಿಶೋಧಿಸುವ ಸಂಸ್ಥೆ) ಕಡೆಯವರು ಲೆಕ್ಕ ನೋಡಲು ಬರುತ್ತಾರಂತೆ. ನಮ್ಮ ಮೇಲೆ ಅನುಮಾನವಾ?"

ಸಂಪಾದಕರ ಉತ್ತರ:

ಅನುಮಾನ ಅಂತಲೇ ಅಂದುಕೊಳ್ಳಬೇಡಿ. ನಿಮ್ಮ ಸಿಎ ನೋಡುವುದು ಸಂಘದ ಜಮಾಖರ್ಚು ಸರಿಯಿದೆಯಾ ಅಂತ. ಇವರು ಕೇಳುವುದು, ಯಾವ ಕೆಲಸಕ್ಕೆ ಕೊಟ್ಟ ದುಡ್ಡು ಅದೇ ಕೆಲಸಕ್ಕೆ ಹೋಯಿತಾ ಅಂತ.

1971ರ ಸಿಎಜಿ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ವರ್ಷದ ಅನುದಾನ 25 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದೆ, ಅದು ಒಟ್ಟು ಖರ್ಚಿನ ಶೇ. 75ಕ್ಕೂ ಕಡಿಮೆಯಿಲ್ಲದಿದ್ದರೆ, ಸಂಸ್ಥೆಯ ಇಡೀ ಜಮಾಖರ್ಚು ಆಡಿಟ್‌ಗೆ ಬರುತ್ತದೆ. ನಿಮ್ಮದು ಅಷ್ಟು ದೊಡ್ಡ ಮೊತ್ತ ಇರಲಿಕ್ಕಿಲ್ಲ. ಆಗ 15ನೇ ಸೆಕ್ಷನ್ ಇದೆ, ನಿಮಗೆ ಸಮಾಧಾನ ಕೊಡುವುದು ಅದೇ. ಅಲ್ಲಿ ಪರೀಕ್ಷೆ ಇರುವುದು ದುಡ್ಡು ಮಂಜೂರು ಮಾಡಿದ ಕಚೇರಿಗೆ. ಷರತ್ತು ಪಾಲನೆಯಾಗಿದೆ ಅಂತ ನೀವು ಹೇಗೆ ಖಾತ್ರಿ ಮಾಡಿಕೊಂಡಿರಿ ಎಂದು ಆ ಕಚೇರಿಯ ಸಾಹೇಬರನ್ನೇ ಕೇಳುತ್ತಾರೆ. ಅದಕ್ಕಾಗಿ, ಮೊದಲೇ ತಿಳಿಸಿ, ನಿಮ್ಮ ಪುಸ್ತಕವನ್ನೂ ತೆರೆಸುತ್ತಾರೆ.

ಸಂಘಗಳು ಸಿಕ್ಕಿಬೀಳುವುದು ಹೆಚ್ಚಾಗಿ ಕಳ್ಳತನದಲ್ಲಲ್ಲ, ಅಸಡ್ಡೆಯಲ್ಲಿ. ತರಕಾರಿಯನ್ನೇ ನೋಡಿ. ಚಿಂತಾಮಣಿ ಮಾರುಕಟ್ಟೆಯಲ್ಲಿ ಒಂದು ಬಾಕ್ಸ್ ಟೊಮೆಟೊ ತಂದರೆ ಬಿಲ್ ಯಾರು ಕೊಡುತ್ತಾರೆ? ಅಂಥ ಕಡೆ ನೀವೇ ವೋಚರ್ ಬರೆಯಿರಿ. ತಾರೀಖು, ತೂಕ, ದರ, ಮಾರಿದವರ ಸಹಿ, ತಂದವರ ಸಹಿ, ಎಲ್ಲವೂ ಇರಲಿ. ನಗದು ರಸೀದಿ 5,000 ರೂಪಾಯಿ ದಾಟಿದರೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿ. ಅಂಗಡಿಯ ಮೆಷಿನ್ ಬಿಲ್ಲುಗಳನ್ನು ಅವತ್ತೇ ಜೆರಾಕ್ಸ್ ಮಾಡಿಸಿ. ಆರು ತಿಂಗಳಲ್ಲಿ ಅಕ್ಷರ ಮಾಸಿ ಬರೀ ಬಿಳಿ ಚೀಟಿ ಉಳಿದರೆ ಯಾವ ಆಡಿಟರ್ ಒಪ್ಪುತ್ತಾನೆ? ಆ ತಿಂಗಳು ಆಶ್ರಮದಲ್ಲಿ ಎಷ್ಟು ಜನ ಉಂಡರು ಅನ್ನುವ ಹಾಜರಿ ಪುಸ್ತಕಕ್ಕೂ ಅಕ್ಕಿಯ ಸ್ಟಾಕ್ ಪುಸ್ತಕಕ್ಕೂ ತಾಳೆ ಆಗಬೇಕು. ಇದನ್ನು ಖಂಡಿತ ನೋಡುತ್ತಾರೆ.

ಬಹಳ ಜನ ಮರೆಯುವುದು ಬಡ್ಡಿ. ಅನುದಾನ ಬ್ಯಾಂಕಿನಲ್ಲಿ ಕೂತು ಗಳಿಸಿದ ಬಡ್ಡಿ ನಿಮ್ಮದಲ್ಲ. 2017ರ ಕೇಂದ್ರ ಹಣಕಾಸು ನಿಯಮಗಳ ಪ್ರಕಾರ, ಲೆಕ್ಕ ಅಂತಿಮವಾದ ಕೂಡಲೇ ಅದನ್ನು ಸರ್ಕಾರಕ್ಕೆ ಕಟ್ಟಬೇಕು. ಅನುದಾನದಲ್ಲಿ ಕೊಂಡ ಮಂಚ, ಫ್ರಿಜ್‌ಗಳನ್ನು ಆಸ್ತಿ ರಿಜಿಸ್ಟರ್‌ನಲ್ಲಿ ಬರೆದಿಡಿ, ಒಪ್ಪಿಗೆ ಇಲ್ಲದೆ ಗುಜರಿಗೆ ಹಾಕಬೇಡಿ. ಹಣಬಳಕೆ ಪ್ರಮಾಣಪತ್ರಕ್ಕೆ ಆರ್ಥಿಕ ವರ್ಷ ಮುಗಿದ ಮೇಲೆ 12 ತಿಂಗಳು ಟೈಮ್ ಇದೆ. ನೀವು ಕೊಟ್ಟಿದ್ದೀರಿ, ಅದರ ಸ್ವೀಕೃತಿ ಪ್ರತಿ ಫೈಲಿನಲ್ಲಿದೆಯಾ ನೋಡಿಕೊಳ್ಳಿ.

ಬಂದವರಿಗೆ ಕಾಫಿ ಕೊಡಿ, ಬಾಡೂಟ ಬೇಡ. ಏನಾದರೂ ಆಕ್ಷೇಪಣೆ ಎತ್ತಿದರೆ ಬಾಯಿಮಾತಿನಲ್ಲಿ ವಾದಕ್ಕಿಳಿಯಬೇಡಿ. ಬರಹದಲ್ಲಿ ತೆಗೆದುಕೊಂಡು, ವೋಚರ್ ಪ್ರತಿ ಲಗತ್ತಿಸಿ, ಬರಹದಲ್ಲೇ ಉತ್ತರಿಸಿ.