ಡಬ್ಬಿ ಸಿಕ್ಕಿದೆ, ದಂಗೆ ಇನ್ನೂ ಸಿಕ್ಕಿಲ್ಲ

ನಮಸ್ಕಾರ.

ಪಿಟ್ಸ್‌ಬರ್ಗ್‌ನಿಂದ ನೀವು ಕಳಿಸಿದ ಬರಹ ಓದಿದೆ. ಅಮೆರಿಕದ ಪಶ್ಚಿಮ ಪೆನ್ಸಿಲ್ವೇನಿಯಾದಲ್ಲಿ ವಿಸ್ಕಿ ತೆರಿಗೆಯ ವಿರುದ್ಧ ರೈತರು ಎದ್ದ 1794ರ ವಿಸ್ಕಿ ದಂಗೆಯ ಜಾಗಗಳನ್ನು ಜಿಯೋಕ್ಯಾಶಿಂಗ್ (ಜಿಪಿಎಸ್ ಹಿಡಿದು ಬಚ್ಚಿಟ್ಟ ಡಬ್ಬಿ ಹುಡುಕುವ ಆಟ) ಆಡುತ್ತಾ ಸುತ್ತಿ ಬಂದ ಕಥೆ. ಈಗಿರುವ ಹಾಗೆ ಅದನ್ನು ಹಾಕಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ. ಅದಕ್ಕೇ ಇಷ್ಟು ಉದ್ದದ ಉತ್ತರ.

ತೊಂದರೆ ಏನೆಂದು ನೇರವಾಗಿ ಹೇಳುತ್ತೇನೆ. ಮೊದಲ ಪುಟಗಳ ತುಂಬ ಇತಿಹಾಸ ಇದೆ: ಸ್ವಾತಂತ್ರ್ಯ ಯುದ್ಧದ ಸಾಲ ತೀರಿಸಲು ಖಜಾನೆ ಕಾರ್ಯದರ್ಶಿ ಹ್ಯಾಮಿಲ್ಟನ್ ತಂದ 1791ರ ವಿಸ್ಕಿ ತೆರಿಗೆ, ರೈತರ ಸಿಟ್ಟು, ಅಧ್ಯಕ್ಷ ವಾಷಿಂಗ್ಟನ್‌ನ ಸೈನ್ಯ. ಆಮೇಲೆ ಬರೀ ಆಟ: ಫೋನಿನಲ್ಲಿ ಜಿಪಿಎಸ್ ಅಂಕಿ, ಪೊದೆ, ಡಬ್ಬಿ, ಒಳಗಿನ ಪುಸ್ತಕದಲ್ಲಿ ಸಹಿ, ಮತ್ತೆ ಕಾರು. ಇದಕ್ಕೂ ಅದಕ್ಕೂ ಮಾತುಕತೆಯೇ ಇಲ್ಲ. ಆ ಮೊದಲ ಪುಟಗಳನ್ನು ತೆಗೆದು ಬೇರೆ ಯಾವುದೋ ಊರಿನ ಇತಿಹಾಸ ಸೇರಿಸಿದರೂ ನಿಮ್ಮ ತಿರುಗಾಟ ಒಂದಿಷ್ಟೂ ಬದಲಾಗುವುದಿಲ್ಲ.

ನಿಮ್ಮ ಬರಹದಲ್ಲಿ ನನಗೆ ತುಂಬ ಹಿಡಿಸಿದ ಜಾಗ ಒಂದಿದೆ. ರಸ್ತೆ ಬದಿಯ ಫಲಕದಲ್ಲಿರುವ ಇಸವಿಯಿಂದ ಅಂಕಿ ಎತ್ತಿಕೊಂಡು, ಅದರಿಂದ ಮುಂದಿನ ಡಬ್ಬಿಯ ಅಕ್ಷಾಂಶ ರೇಖಾಂಶ ಕಟ್ಟುವುದು. ಅಲ್ಲಿ ನೀವು ಏನು ಮಾಡಿದಿರಿ ನೋಡಿ. ಫಲಕದ 1794 ಎಂಬ ಇಸವಿಯಿಂದ ನಿಮಗೆ 7 ಬೇಕಿತ್ತು, 4 ಬೇಕಿತ್ತು. ತೆಗೆದುಕೊಂಡು ಹೊರಟೇಬಿಟ್ಟಿರಿ. ಫಲಕ ಹೇಳುವುದನ್ನು ನೀವೂ ಓದಲಿಲ್ಲ, ನಮಗೂ ಓದಿಸಲಿಲ್ಲ. ಡಬ್ಬಿ ಇಟ್ಟವರು ಸುಮ್ನೆ ಆ ಜಾಗ ಆರಿಸಿರುವುದಿಲ್ಲ ಅಲ್ವಾ? ಇಲ್ಲಿಗೇ ಯಾಕೆ ಕರೆತಂದರು ಎಂದು ಪ್ರತಿ ಸಲ ಕೇಳಿಕೊಳ್ಳಿ. ಆ ಪ್ರಶ್ನೆಯಿಂದಲೇ ಬರಹ ಮತ್ತೆ ಶುರುವಾಗಲಿ.

ಬೆಟ್ಟದ ದಾರಿಯನ್ನೇ ತೆಗೆದುಕೊಳ್ಳಿ. ಅಲೆಘೆನಿ ಬೆಟ್ಟ ದಾಟುವಾಗ ಕಿವಿ ಕಟ್ಟಿತು ಎಂದಷ್ಟೇ ಬರೆದಿದ್ದೀರಿ. ಇಡೀ ದಂಗೆಯ ಬೇರು ಆ ಏರಿನಲ್ಲೇ ಇದೆ. ಬೆಟ್ಟದ ಆಚೆಗಿನ ರೈತರು ಬೆಳೆಯುತ್ತಿದ್ದದ್ದು ರೈ ಎಂಬ ಗೋಧಿಯಂಥ ಕಾಳು. ಮಾರುಕಟ್ಟೆ ಇದ್ದದ್ದು ಪೂರ್ವದಲ್ಲಿ. ಒಂದು ಕುದುರೆ ಹೊರುವ ಕಾಳು ಸುಮಾರು 4 ಬುಶೆಲ್ (ನಮ್ಮ ಸೇರಿನ ಹಾಗೆ ಕಾಳಿನ ಅಳತೆ). ವಿಸ್ಕಿ ಇಳಿಸಿ ಪೀಪಾಯಿಗೆ ತುಂಬಿದರೆ ಅದೇ ಕುದುರೆ 24 ಬುಶೆಲ್ ಕಾಳಿನ ಬೆಲೆ ಹೊತ್ತು ಬೆಟ್ಟ ದಾಟುತ್ತಿತ್ತು. ಆ ಕಡೆ ನಗದು ತೀರಾ ಅಪರೂಪ. ಕೂಲಿಯನ್ನೂ ವಿಸ್ಕಿಯಲ್ಲೇ ಕೊಡುತ್ತಿದ್ದರು. ತೆರಿಗೆ ಮಾತ್ರ ನಗದಿನಲ್ಲೇ ಕಟ್ಟಬೇಕು. ಅದೂ ಪೂರ್ವದ ದೊಡ್ಡ ಭಟ್ಟಿಯವರಿಗೆ ಗ್ಯಾಲನ್ ಲೆಕ್ಕದಲ್ಲಿ ಕಡಿಮೆ ಬೀಳುತ್ತಿತ್ತು, ಹಿತ್ತಲಲ್ಲಿ ಸಣ್ಣ ಭಟ್ಟಿ ಇಟ್ಟವನಿಗೆ ಜಾಸ್ತಿ. ಈ ವಿಷಯ ಮೊದಲ ಪುಟದಲ್ಲಿ ಪಾಠದ ಹಾಗೆ ಬರಬಾರದು. ನಿಮ್ಮ ಕಾರು ಏರು ಹತ್ತುವಾಗ ಬರಬೇಕು.

ಸೌತ್ ಪಾರ್ಕ್‌ನ ಭಾಗವೂ ಹಾಗೇ. ಮಿಲ್ಲರ್ ಕುಟುಂಬದ ಕಲ್ಲಿನ ಮನೆಯ ಹತ್ತಿರ ಓಡಾಡಿದ್ದೀರಿ, ಅದರ ಬಗ್ಗೆ ಬರೆದದ್ದು ಒಂದೇ ಸಾಲು. 1794ರ ಜುಲೈ 15. ಕೊಯ್ಲಿನ ಕಾಲ. ಮಾರ್ಷಲ್ ಡೇವಿಡ್ ಲೆನಾಕ್ಸ್, ನಮ್ಮ ಕೋರ್ಟಿನ ಅಮೀನರ ಹಾಗೆ, ಸಮನ್ಸ್ ಹಿಡಿದು ವಿಲಿಯಂ ಮಿಲ್ಲರ್‌ನ ಬಾಗಿಲಿಗೆ ಬಂದ. ಫಿಲಡೆಲ್ಫಿಯಾ ಕೋರ್ಟಿಗೆ ಹಾಜರಾಗಬೇಕು ಎಂದು ಆದೇಶ. ಬೆಟ್ಟ ದಾಟಿ ಸುಮಾರು 480 ಕಿಲೋಮೀಟರ್. ದಾರಿ ತೋರಿಸಲು ಜೊತೆಗೆ ಬಂದವನು ತೆರಿಗೆ ಅಧಿಕಾರಿ ಜಾನ್ ನೆವಿಲ್, ಅದೇ ಸೀಮೆಯ ಜಮೀನ್ದಾರ. ಆತನೇ ಮುಂದೆ ನಿಂತು ಮನೆ ತೋರಿಸಿದ್ದು ಕಂಡು ರಕ್ತ ಕುದಿಯಿತು ಎಂದು ಮಿಲ್ಲರ್ ಆಮೇಲೆ ಹೇಳಿದ್ದು ದಾಖಲಾಗಿದೆ. ಇವರಿಬ್ಬರು ವಾಪಸ್ ಹೊರಟಾಗ ಗುಂಡು ಹಾರಿತು. ಮರುದಿನ ನೆವಿಲ್‌ನ ಬೌವರ್ ಹಿಲ್ ಮನೆಯನ್ನು ಜನ ಸುತ್ತುವರಿದರು. ಅವನ ಗುಂಡಿಗೆ ಬಿದ್ದ ಆಲಿವರ್ ಮಿಲ್ಲರ್ ಅದೇ ಕುಟುಂಬದವನು. 17ರಂದು ನೂರಾರು ಜನ ಮತ್ತೆ ಬಂದರು. ಅವರ ನಾಯಕ ಜೇಮ್ಸ್ ಮ್ಯಾಕ್‌ಫಾರ್ಲೇನ್ ಸತ್ತ, ಮನೆ ಸುಟ್ಟುಹೋಯಿತು. ಮೂರು ದಿನ, ಅಕ್ಕಪಕ್ಕದ ಊರುಗಳು. ಓದುಗರಿಗೆ ಬೇಕಾದ್ದು ಇದು.

ಇನ್ನು ಒಂದು ಗಂಭೀರ ಆಕ್ಷೇಪ. ನಿಮ್ಮ ಬರಹದಲ್ಲಿ ರೈತರೆಲ್ಲ ಒಳ್ಳೆಯವರು, ಸರ್ಕಾರ ಕೆಟ್ಟದ್ದು. ಅಷ್ಟು ಸುಲಭವಲ್ಲ. ತೆರಿಗೆ ವಸೂಲಿಗೆ ಬಂದ ರಾಬರ್ಟ್ ಜಾನ್ಸನ್‌ಗೆ 1791ರಲ್ಲೇ ಟಾರು ಬಳಿದು ಪುಕ್ಕ ಅಂಟಿಸಿದ್ದರು. ತೆರಿಗೆ ಕಟ್ಟಿದ ನೆರೆಯವನ ಭಟ್ಟಿಗೆ ಗುಂಡು ಹೊಡೆದು ತೂತು ಮಾಡುತ್ತಿದ್ದರು. ಡೇವಿಡ್ ಬ್ರ್ಯಾಡ್‌ಫರ್ಡ್‌ನಂಥ ನಾಯಕ ಬಡ ರೈತನೇನಲ್ಲ, ವಕೀಲ. ಪೆನ್ಸಿಲ್ವೇನಿಯಾದ ವಾಷಿಂಗ್ಟನ್ ಊರಿನಲ್ಲಿ ಆತನ ದೊಡ್ಡ ಕಲ್ಲಿನ ಮನೆ ಈಗ ಮ್ಯೂಸಿಯಂ, ನೀವೇ ನೋಡಿ ಬಂದಿದ್ದೀರಿ. ಬೌವರ್ ಹಿಲ್‌ನಲ್ಲಿ ನೆವಿಲ್‌ನ ಗುಲಾಮರೂ ಇದ್ದರು. 16ರಂದು ಅವರೂ ಗುಂಡು ಹಾರಿಸಿದರು. ತೆರಿಗೆಯ ಜಗಳದಲ್ಲಿ ಇಬ್ಬರ ಕಡೆಯಿಂದಲೂ ಏನೂ ಸಿಗದಿದ್ದ ಆ ಜನರಿಗೆ ನಿಮ್ಮ ಆರು ಪುಟದಲ್ಲಿ ಒಂದು ಪದವೂ ಇಲ್ಲ. ಇದು ನನಗೆ ನಿಜಕ್ಕೂ ಬೇಸರ ತಂದಿತು.

ಕೊನೆಯಲ್ಲಿ ಅಂಕೋಲೆಯ 1930ರ ಉಪ್ಪಿನ ಸತ್ಯಾಗ್ರಹ ತಂದಿದ್ದೀರಿ. ತೆಗೆದುಬಿಡಿ. ಕನ್ನಡ ಓದುಗರಿಗೆ ಹತ್ತಿರವಾಗಲಿ ಎಂಬ ಆಸೆ ಅರ್ಥವಾಗುತ್ತದೆ. ಆದರೆ ಅಲ್ಲಿ ಕಾನೂನು ಹೇರಿದ್ದು ಬ್ರಿಟಿಷರು, ಹೋರಾಟ ಅಹಿಂಸೆಯದು. ಇಲ್ಲಿ ತೆರಿಗೆ ಹಾಕಿದ್ದು ಜನ ಆರಿಸಿದ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು. ನೆವಿಲ್ ಮತ್ತು ಮ್ಯಾಕ್‌ಫಾರ್ಲೇನ್ ಇಬ್ಬರೂ ಸ್ವಾತಂತ್ರ್ಯ ಯುದ್ಧದಲ್ಲಿ ಒಂದೇ ಕಡೆ ಕಾದಿದವರು. ಸ್ವಂತ ಸರ್ಕಾರದ ತೆರಿಗೆಯನ್ನು ಎಷ್ಟರ ಮಟ್ಟಿಗೆ ವಿರೋಧಿಸಬಹುದು ಎಂಬ ಪ್ರಶ್ನೆ ಅಲ್ಲೇ ಹುಟ್ಟಿದ್ದು. ಆ ಕಷ್ಟದ ಪ್ರಶ್ನೆಯನ್ನು ಹೋಲಿಕೆ ಮುಚ್ಚಿಹಾಕುತ್ತದೆ.

ವಾಷಿಂಗ್ಟನ್‌ನ ದಂಡಯಾತ್ರೆಗೆ ಒಂದು ಪ್ಯಾರಾ ಸಾಕು. 13,000ದಷ್ಟು ಸೈನಿಕರು ಹೊರಟರು, ಎದುರು ನಿಲ್ಲಲು ಯಾರೂ ಇರಲಿಲ್ಲ. ದೇಶದ್ರೋಹದ ಶಿಕ್ಷೆಯಾದ ಇಬ್ಬರಿಗೂ ಕ್ಷಮೆ ಸಿಕ್ಕಿತು. 1802ರಲ್ಲಿ ತೆರಿಗೆಯೇ ರದ್ದಾಯಿತು.

ಡಬ್ಬಿ ಯಾವ ಮರದ ಯಾವ ಪೊಟರೆಯಲ್ಲಿದೆ ಎಂದು ಬರೆದಿದ್ದೀರಿ. ಅದನ್ನೂ ತೆಗೆಯಿರಿ, ಮುಂದೆ ಹುಡುಕುವವರ ಆಟ ಕೆಡುತ್ತದೆ. ಮಿಂಗೋ ಕ್ರೀಕ್ ಸ್ಮಶಾನದಲ್ಲಿ ಮ್ಯಾಕ್‌ಫಾರ್ಲೇನ್‌ನ ಸಮಾಧಿ ಇದೆ, ನಿಮ್ಮ ಪಟ್ಟಿಯಲ್ಲಿ ಅದಿಲ್ಲ. ಡಬ್ಬಿ ಇರಲಿ ಬಿಡಲಿ, ಒಮ್ಮೆ ಹೋಗಿ ಬನ್ನಿ. ಆರು ಪುಟ ನಾಲ್ಕಾದರೂ ಪರವಾಗಿಲ್ಲ. ಮೇ ಕೊನೆಯೊಳಗೆ ಕಳಿಸಿದರೆ ಜುಲೈ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.