ಟ್ಯೂಬಿನಲ್ಲಿ ಗೊರಗೊರ ಸದ್ದು ಬಂದರೆ

ಅಕ್ಕಾ, ಏಳು ತಿಂಗಳ ಮಗುವಿಗೆ ಟ್ರಾಕಿಯಾಸ್ಟಮಿ (ಉಸಿರಾಡಲು ಕುತ್ತಿಗೆಯಲ್ಲಿ ತೂತು ಮಾಡಿ ಟ್ಯೂಬ್ ಹಾಕುವ ಆಪರೇಷನ್) ಆಗಿ ಮೂಡಿಗೆರೆಗೆ ವಾಪಸ್ ಬಂದಿದ್ದೀರಿ. ರಾತ್ರಿ ಟ್ಯೂಬಿನಲ್ಲಿ ಗೊರಗೊರ ಅನ್ನುತ್ತದೆ, ತಕ್ಷಣ ಹಾಸನಕ್ಕೆ ಓಡಬೇಕಾ ಎಂದು ಕೇಳಿದ್ದೀರಿ. ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್.

ಮಗು ಆರಾಮಾಗಿದ್ದು ಬರೀ ಸದ್ದಾದರೆ ಅದು ಸಾಮಾನ್ಯವಾಗಿ ಕಫ. ಸಕ್ಷನ್ ಮಾಡಿ, ಅಂದರೆ ಟ್ಯೂಬಿನೊಳಗೆ ಸಣ್ಣ ಪೈಪ್ ಇಳಿಸಿ ಮೆಷಿನ್‌ನಿಂದ ಕಫ ಎಳೆದು ತೆಗೆಯಿರಿ. ಆಸ್ಪತ್ರೆಯಲ್ಲಿ ಹೇಳಿದ ಅಳತೆಗಿಂತ ಒಳಗೆ ಪೈಪ್ ತಳ್ಳಬೇಡಿ. ಒಂದು ಸಲಕ್ಕೆ 5ರಿಂದ 10 ಸೆಕೆಂಡು ಸಾಕು. ಕಫ ಗಟ್ಟಿಯಾಗುತ್ತಿದ್ದರೆ ತೇವ ಕೊಡುವ ಫಿಲ್ಟರ್ ಬಗ್ಗೆ ಡಾಕ್ಟರನ್ನು ಕೇಳಿ. ಗಾಳಿ ಈಗ ಮೂಗಿನ ಮೂಲಕ ಹೋಗುವುದಿಲ್ಲ, ಅಲ್ವಾ, ಬೇಗ ಒಣಗುತ್ತದೆ.

ಆದರೆ ಸಕ್ಷನ್ ಆದ ಮೇಲೂ ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಎಳೆಯುತ್ತಿದ್ದರೆ, ತುಟಿ ನೀಲಿಯಾದರೆ, ಪೈಪ್ ಒಳಗೆ ಇಳಿಯದೇ ಹೋದರೆ ಟ್ಯೂಬ್ ಕಟ್ಟಿಕೊಂಡಿದೆ ಎಂದೇ ತಿಳಿಯಿರಿ. ಆಗ ಕಾರು ಹತ್ತಬೇಡಿ. ಅಲ್ಲೇ ಟ್ಯೂಬ್ ಬದಲಾಯಿಸಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಅದೇ ಸೈಜಿನ ಒಂದು ಟ್ಯೂಬ್, ಒಂದು ಸೈಜ್ ಚಿಕ್ಕದು ಇನ್ನೊಂದು ಯಾವಾಗಲೂ ಮಗುವಿನ ಪಕ್ಕದಲ್ಲೇ ಇರಬೇಕು. ಬದಲಾಯಿಸಲು ನಿಮಗೆ ಕಲಿಸಿಲ್ಲವಾದರೆ ನಾಳೆಯೇ ಹೋಗಿ ಕಲಿತು ಬನ್ನಿ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ.

ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟ್ ಜಾಸ್ತಿ ಹೋಗುತ್ತದೆ. ಬ್ಯಾಟರಿಯ ಅಥವಾ ಕಾಲಿನಿಂದ ಒತ್ತುವ ಸಕ್ಷನ್ ಮೆಷಿನ್ ಇಟ್ಟುಕೊಳ್ಳಿ. ಟ್ಯೂಬ್ ಇರುವ ಮಗುವಿನ ಅಳು ಸರಿಯಾಗಿ ಕೇಳಿಸುವುದಿಲ್ಲ, ರಾತ್ರಿ ಒಬ್ಬರಾದರೂ ಹತ್ತಿರ ಎಚ್ಚರವಾಗಿರಿ.